1971ರ ಎಂಜಿಬಿ ಜಿಟಿಗೆ ರೋವರ್ ವಿ8: ಮನೆಯ ಗ್ಯಾರೇಜಿನಲ್ಲಿ ಯಾವ ಕೆಲಸ ಮೊದಲು?

ಹಳೇಗಾಡಿ71

ಎಲ್ಲರಿಗೂ ನಮಸ್ಕಾರ. ಊರು ಇಂಗ್ಲೆಂಡ್, ಜಾಗ ಒಂದೇ ಕಾರು ಹಿಡಿಸುವ ಗ್ಯಾರೇಜು. ಗಾಡಿ 1971ರ ಎಂಜಿಬಿ ಜಿಟಿ (ಛಾವಣಿ ಇರುವ ಬ್ರಿಟಿಷ್ ಸ್ಪೋರ್ಟ್ಸ್ ಕಾರು), ಕ್ರೋಮ್ ಬಂಪರ್, ಸ್ಟೀರಿಂಗ್ ಬಲಗಡೆ. ಮೂಲದ 1798 ಸಿಸಿ ನಾಲ್ಕು ಸಿಲಿಂಡರ್ ಎಂಜಿನ್ ಇಳಿಸಿ ರೋವರ್ ಎಸ್‌ಡಿ1ರ 3.5 ಲೀಟರ್ ವಿ8 (ಎರಡು ಸಾಲಿನಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್) ಮತ್ತು ಅದರ ಜೊತೆಗೇ ಬಂದ ಎಲ್‌ಟಿ77 ಐದು ಗೇರಿನ ಗೇರ್‌ಬಾಕ್ಸ್ ಕೂರಿಸಬೇಕು. ಕೈಯಲ್ಲಿರುವ ಸಾಮಾನು: ಮಿಗ್ ವೆಲ್ಡರ್, ಎಂಜಿನ್ ಕ್ರೇನ್, ನಾಲ್ಕು ಆಕ್ಸಲ್ ಸ್ಟ್ಯಾಂಡ್, ಟಾರ್ಕ್ ವ್ರೆಂಚ್. ಎಂಜಿನ್ ಇನ್ನೂ ಬಿಚ್ಚಿಲ್ಲ.

ತಿಳಿಯಬೇಕಾದದ್ದು ಇಷ್ಟು. ಕೆಲಸದ ಕ್ರಮ ಹೇಗಿರಬೇಕು? ಕ್ರೋಮ್ ಬಂಪರ್ ಬಾಡಿಯಲ್ಲಿ ಎಲ್ಲೆಲ್ಲಿ ತಗಡು ಕತ್ತರಿಸಬೇಕಾಗುತ್ತದೆ? ಹಿಂದಿನ ಆಕ್ಸಲ್ 3.9 ಅನುಪಾತದ್ದು (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ 3.9 ಸುತ್ತು), ಅದೇ ಸಾಕೇ? ಕಾರ್ಬ್ಯುರೇಟರ್ ಒಳ್ಳೆಯದೋ ಇಂಜೆಕ್ಷನ್ನೋ? ಮುಂದೆಂದಾದರೂ ಗಾಡಿಯನ್ನು ಬೆಂಗಳೂರಿಗೆ ತಂದರೆ ನೋಂದಣಿ ಆಗುತ್ತದೆಯೇ?

ಬೆಸುಗೆ_ಬಸವ

ಸರ್, ಎಂಜಿನ್ ಪಕ್ಕಕ್ಕಿಡಿ. ಮೊದಲು ಸಿಲ್ ನೋಡಿ. ಎಂಜಿಬಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಆ ಬಾಡಿಯ ಗಟ್ಟಿತನವೆಲ್ಲ ಬಾಗಿಲ ಕೆಳಗಿನ ಸಿಲ್‌ನಲ್ಲಿದೆ. ಅದು ಒಂದೇ ತಗಡಲ್ಲ: ಹೊರಗಿನ ಸಿಲ್, ಒಳಗಿನ ಸಿಲ್, ಎರಡರ ನಡುವೆ ನಿಲ್ಲುವ ಪರದೆಯಂಥ ತಗಡು, ಕೆಳಗಡೆ ಇವುಗಳನ್ನು ಹಿಡಿದುಕೊಳ್ಳುವ ಪಟ್ಟಿ. ಹೊರಗಿನದು ಫಳಫಳ ಹೊಳೆಯುತ್ತಿದ್ದರೂ ನಡುವಿನ ತಗಡು ಪುಡಿಯಾಗಿರಬಹುದು, ಯಾಕೆಂದರೆ ಹಳೆಯ ತುಕ್ಕಿನ ಮೇಲೆಯೇ ಹೊಸ ಸಿಲ್ ಹೊದಿಸಿ ಮುಚ್ಚಿದ ಗಾಡಿಗಳು ಬಹಳ ಇವೆ. ಮುಂದಿನ ಮಡ್‌ಗಾರ್ಡಿನ ಹಿಂಭಾಗದಿಂದ ಟಾರ್ಚ್ ಬಿಟ್ಟು ನೋಡಿ. ಜಾಕ್ ಹಾಕುವ ಜಾಗದ ಸುತ್ತ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ. ಹಪ್ಪಳ ಮುರಿದ ಸದ್ದು ಬಂದರೆ ಸಿಲ್ ಪೂರ್ತಿ ಬದಲಿಸಿ.

ಸಿಲ್ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬೆಸೆಯಬೇಕು. 25 ಮಿ.ಮೀ. ಚೌಕ ಪೈಪು ಸಾಕು, ಹಿಂಜ್ ಇರುವ ಕಂಬದಿಂದ ಲಾಕ್ ಇರುವ ಕಂಬಕ್ಕೆ. ಜಿಟಿಗೆ ಛಾವಣಿ ಇದೆಯಲ್ಲ, ಬಗ್ಗುವುದಿಲ್ಲ ಎಂದು ಈ ಹಂತವನ್ನು ಹಾರಿಸಬೇಡಿ. ಬಾಗಿಲ ಸಂದನ್ನು ಮೂರು ಕಡೆ ಅಳೆದು ಮಡ್‌ಗಾರ್ಡಿನ ಮೇಲೆಯೇ ಮಾರ್ಕರಿನಲ್ಲಿ ಬರೆದಿಡಿ. ಒಂದು ಬದಿ ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದು ಬದಿ. ತೆಳು ತಗಡಿಗೆ 0.6 ಮಿ.ಮೀ. ತಂತಿ ಹಾಕಿ, ಒಂದೊಂದೇ ಅಂಗುಲ ಬೆಸೆದು ಜಾಗ ಬದಲಿಸುತ್ತಾ ಹೋಗಿ. ಉದ್ದಕ್ಕೆ ಒಂದೇ ಸಮ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ, ಆಮೇಲೆ ಬಾಗಿಲು ಕೂರುವುದಿಲ್ಲ. ಸ್ಟ್ಯಾಂಡ್‌ಗಳನ್ನು ಸಿಲ್ ಕೆಳಗೆ ಇಡಬೇಡಿ. ಮುಂದೆ ಕ್ರಾಸ್‌ಮೆಂಬರ್ ಕೆಳಗೆ, ಹಿಂದೆ ಲೀಫ್ ಸ್ಪ್ರಿಂಗಿನ ಮುಂಗೊಕ್ಕೆಯ ಹತ್ತಿರ ಇಡಿ. ಗಾಡಿಯ ತೂಕ ಹೊರುವುದು ಅಲ್ಲೇ ತಾನೆ.

ಇನ್ನು ಜಾಗದ ವಿಷಯ. ಕಾರ್ಖಾನೆಯೇ 1973ರಿಂದ 1976ರವರೆಗೆ ಎಂಜಿಬಿ ಜಿಟಿ ವಿ8 ಮಾಡಿತ್ತು, ಒಟ್ಟು 2591 ಗಾಡಿ. ಅದಕ್ಕೂ ಮುಂಚೆ ಕೆನ್ ಕಾಸ್ಟೆಲೊ ಇದೇ ಎಂಜಿನ್ ಕೂರಿಸಿ ಮಾರುತ್ತಿದ್ದರು. ಹಾಗಾಗಿ ಎಂಜಿನ್ ಹಿಡಿಸುವುದರಲ್ಲಿ ಅನುಮಾನವಿಲ್ಲ. ಆದರೆ 1974ರ ಕೊನೆಯಿಂದ ಬಂದ ರಬ್ಬರ್ ಬಂಪರ್ ಬಾಡಿಗಳಿಗೆ ವಿ8ಗೆ ಬೇಕಾದ ತಗಡಿನ ಆಕಾರ ಮೊದಲೇ ಬಂದಿದೆ, ನಿಮ್ಮದಕ್ಕೆ ಬಂದಿಲ್ಲ. ನಿಮ್ಮ ಬಾಡಿಯಲ್ಲಿ ಕೈ ಹಚ್ಚಬೇಕಾದ ಕಡೆ ನಾಲ್ಕು. ಎರಡೂ ಬದಿಯ ರೈಲಿಗೆ ವಿ8ರ ಮೌಂಟಿಂಗ್ ಪ್ಲೇಟು ಬೆಸೆಯಬೇಕು. ಹೆಡ್ಡುಗಳ ಹಿಂಬದಿಗೆ ಬಲ್ಕ್‌ಹೆಡ್‌ನ (ಎಂಜಿನ್ ಕೋಣೆಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಮೂಲೆಗಳು ಅಡ್ಡ ಬರುತ್ತವೆ. ಸೈಲೆನ್ಸರ್ ಮ್ಯಾನಿಫೋಲ್ಡಿಗೆ ಒಳ ಮಡ್‌ಗಾರ್ಡು ಸರಿಯಬೇಕು. ಗೇರ್‌ಬಾಕ್ಸ್ ಕೂರುವ ನಡುವಿನ ಸುರಂಗದಲ್ಲಿ ಗೇರ್ ಲಿವರ್ ತೂತು ಮತ್ತು ಪಕ್ಕದ ತಗಡು. 1967ರ ಕೊನೆಯಿಂದ ಸುರಂಗವನ್ನು ಕಾರ್ಖಾನೆಯೇ ಅಗಲ ಮಾಡಿತ್ತು, ಅಷ್ಟರಮಟ್ಟಿಗೆ 1971ರ ಗಾಡಿಗೆ ಕೆಲಸ ಕಡಿಮೆ. ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ ಬೋಲ್ಟಿನದು, ಅದನ್ನು ಎಲ್‌ಟಿ77ಕ್ಕೆ ತಕ್ಕಂತೆ ಹೊಸದಾಗಿ ಮಾಡಿಕೊಳ್ಳಿ.

ಎಷ್ಟು ಕತ್ತರಿಸಬೇಕು ಎಂಬುದನ್ನು ಕಾಗದದ ಅಳತೆ ನೋಡಿ ತೀರ್ಮಾನಿಸಬೇಡಿ. ಖಾಲಿ ಬ್ಲಾಕು, ಅದರ ಮೇಲೆ ಎರಡು ಹೆಡ್, ಮುಂದಿನ ಕವರ್, ಸಂಪ್, ಹಿಂದೆ ಬೆಲ್‌ಹೌಸಿಂಗ್ ಮತ್ತು ಗೇರ್‌ಬಾಕ್ಸ್. ಒಳಗಡೆ ಕ್ರ್ಯಾಂಕು ಪಿಸ್ಟನ್ ಯಾವುದೂ ಬೇಡ. ಇಷ್ಟನ್ನು ಜೋಡಿಸಿ ಕ್ರೇನಿನಲ್ಲಿ ಇಳಿಸಿ, ಎತ್ತಿ, ಮತ್ತೆ ಇಳಿಸಿ. ಹತ್ತು ಸಲ ಆದರೂ ಬೇಸರ ಬೇಡ. ಸಂಪ್ ಮತ್ತು ಕ್ರಾಸ್‌ಮೆಂಬರ್ ನಡುವೆ 10 ಮಿ.ಮೀ. ಬಿಡಬೇಕು. ಮೌಂಟಿಂಗ್ ಪ್ಲೇಟನ್ನು ಚುಕ್ಕೆ ಬೆಸುಗೆಯಲ್ಲಿ ಮಾತ್ರ ಹಿಡಿಸಿ, ಸ್ಟೀರಿಂಗು, ಸೈಲೆನ್ಸರು, ಬಾನೆಟ್ಟು ಮೂರೂ ಸರಿ ಎಂದಾದ ಮೇಲೆಯೇ ಪೂರ್ತಿ ಬೆಸೆಯಿರಿ.

ಬಾನೆಟ್ ಅಳೆಯಲು ಚಪಾತಿ ಹಿಟ್ಟು ಸಾಕು. ಲಿಂಬೆ ಗಾತ್ರದ ಉಂಡೆಗಳನ್ನು ಕಾರ್ಬ್ಯುರೇಟರ್ ಮೇಲೆ, ಏರ್ ಫಿಲ್ಟರ್ ಅಂಚಿನ ಮೇಲೆ, ಥರ್ಮೋಸ್ಟಾಟ್ ಮೇಲೆ ಕೂರಿಸಿ, ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿ. ಬಾನೆಟ್ಟನ್ನು ಮೆಲ್ಲಗೆ ಇಳಿಸಿ ಲಾಕ್ ಬೀಳುವ ತನಕ ಒತ್ತಿ, ತೆಗೆದು, ಉಂಡೆಯನ್ನು ಚಾಕುವಿನಿಂದ ನಡುವೆ ಸೀಳಿ. ಉಳಿದ ದಪ್ಪವೇ ನಿಮಗಿರುವ ಸಂದು. 12 ಮಿ.ಮೀ.ಗಿಂತ ಕಡಿಮೆ ಇದ್ದರೆ ಎಂಜಿನ್ ಅಲುಗಿದಾಗ ತಾಗುತ್ತದೆ.

ಬಲಗಡೆ ಸ್ಟೀರಿಂಗ್ ಇರುವವರು ಒಂದು ವಿಷಯ ಮರೆಯಲೇಬಾರದು. ಈ ಎಂಜಿನ್ ಮುಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿನಲ್ಲಿ ಸುತ್ತುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಬ್ಲಾಕು ಅದಕ್ಕೆ ವಿರುದ್ಧವಾಗಿ ವಾಲುತ್ತದೆ, ಎಡ ಬದಿ ಏಳುತ್ತದೆ, ಬಲ ಬದಿ ಕುಸಿಯುತ್ತದೆ. ಅಂದರೆ ಬಲಗಡೆಯ ಬಿಸಿ ಮ್ಯಾನಿಫೋಲ್ಡು ಸ್ಟೀರಿಂಗ್ ದಂಡದ ಕಡೆಗೇ ಬರುತ್ತದೆ. ನಿಂತ ಎಂಜಿನ್ನಿನಲ್ಲಿ 5 ಮಿ.ಮೀ. ಸಂದು ಕಂಡು ಸಮಾಧಾನಪಟ್ಟರೆ ಓಡುವಾಗ ತಾಗುತ್ತದೆ. ಕನಿಷ್ಠ 15 ಮಿ.ಮೀ. ಬಿಡಿ, ನಡುವೆ ಶಾಖ ತಡೆಯುವ ತಗಡು ಹಾಕಿ. ದಂಡದ ಜಾಯಿಂಟ್ ಜಾಗ ಬದಲಿಸಬೇಕಾಗಿ ಬಂದರೆ ಹಲ್ಲಿನ ಜಾಯಿಂಟ್ ಮತ್ತು ಬಿಗಿಯುವ ಬೋಲ್ಟು ಇರುವ ಸಿದ್ಧ ಭಾಗವನ್ನೇ ಕೊಳ್ಳಿ. ಸ್ಟೀರಿಂಗ್ ದಂಡಕ್ಕೆ ಮನೆಯಲ್ಲಿ ಬೆಸುಗೆ ಹಾಕಲೇಬೇಡಿ.

ವೀ8_ಮೈಸೂರು

ಬಸವಣ್ಣನವರು ಬಾಡಿ ಕೆಲಸ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಎಂಜಿನ್ ಬಗ್ಗೆ ನನ್ನದು.

ಈ 3528 ಸಿಸಿ ಎಂಜಿನ್ ಹುಟ್ಟಿದ್ದು ಅಮೆರಿಕದ ಬ್ಯೂಕ್‌ನಲ್ಲಿ, 1960ರ ದಶಕದ ಆರಂಭದಲ್ಲಿ. ಆಮೇಲೆ ರೋವರ್ ಅದನ್ನು ಕೊಂಡಿತು. ಬ್ಲಾಕೂ ಹೆಡ್ಡೂ ಅಲ್ಯೂಮಿನಿಯಂ, ಅದಕ್ಕೇ ಎಂಟು ಸಿಲಿಂಡರ್ ಆದರೂ ಎಂಜಿಬಿಯ ಎರಕದ ಕಬ್ಬಿಣದ ಎಂಜಿನ್ನಿಗಿಂತ ಹೇಳಿಕೊಳ್ಳುವಷ್ಟು ಭಾರವಿಲ್ಲ. 3.5ರ ಬೋರ್ 88.9 ಮಿ.ಮೀ. 3.9ರಿಂದ ಮುಂದೆ ಅದು 94 ಮಿ.ಮೀ. ಆಯಿತು, ಲೈನರ್ ಸುತ್ತಲಿನ ಅಲ್ಯೂಮಿನಿಯಂ ತೆಳುವಾಯಿತು. ದೊಡ್ಡ ಎಂಜಿನ್‌ಗಳಲ್ಲಿ ಲೈನರ್ ಹಿಂದೆ ಬಿರುಕು ಬಿಡುವುದು, ಲೈನರ್ ಸರಿಯುವುದು ಹೆಚ್ಚು. ಮೊದಲ ಸಲ ಮಾಡುವವರಿಗೆ 3.5 ಒಳ್ಳೆಯ ಆಯ್ಕೆ.

ಬಿಚ್ಚಿದಾಗ ಮೊದಲು ನೋಡಬೇಕಾದದ್ದು ಕ್ಯಾಮ್‌ಶಾಫ್ಟ್. ಇನ್‌ಟೇಕ್ ಮ್ಯಾನಿಫೋಲ್ಡ್ ಮತ್ತು ಅದರ ಕೆಳಗಿನ ತಗಡಿನ ಗ್ಯಾಸ್ಕೆಟ್ ತೆಗೆದರೆ ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ ಕಾಣುತ್ತದೆ. ಲೋಬಿನ ಮೂತಿ ಚೂಪು ಕಳೆದುಕೊಂಡು ಚಪ್ಪಟೆಯಾಗಿದ್ದರೆ, ಟ್ಯಾಪೆಟ್ ತಳದಲ್ಲಿ ಗುಳಿ ಬಿದ್ದಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆಯ ಟ್ಯಾಪೆಟ್ಟನ್ನು ಹೊಸ ಕ್ಯಾಮ್ ಮೇಲೆ ಕೂರಿಸಿದರೆ ಹೊಸದೂ ಕೆಡುತ್ತದೆ. ರಾಕರ್ ಕವರಿನ ಒಳಗೆ ಕಪ್ಪು ಗಸಿ ಕಟ್ಟಿದ್ದರೆ ಎಣ್ಣೆ ಬದಲಿಸದೆ ಓಡಿಸಿದ ಎಂಜಿನ್ ಎಂದೇ ಅರ್ಥ. ಎಣ್ಣೆ 20ಡಬ್ಲ್ಯೂ50, ಜಿಂಕ್ ಅಂಶ ಚೆನ್ನಾಗಿರುವ ಕ್ಲಾಸಿಕ್ ಗಾಡಿಗಳ ಎಣ್ಣೆ. ಈಗಿನ ಕಾರಿನ ತೆಳು ಎಣ್ಣೆ ಈ ಚಪ್ಪಟೆ ಟ್ಯಾಪೆಟ್ಟಿಗೆ ಆಗಿಬರುವುದಿಲ್ಲ.

ಎಸ್‌ಡಿ1ರ ಹೆಡ್ಡಿಗೆ ತಲಾ 14 ಬೋಲ್ಟು. ಸೈಲೆನ್ಸರ್ ಕಡೆಯ ಹೊರಸಾಲಿನ ನಾಲ್ಕನ್ನು ಉಳಿದವುಗಳಷ್ಟೇ ಬಿಗಿದರೆ ಹೆಡ್ಡು ಹೊರಗಡೆಗೆ ವಾಲುತ್ತದೆ, ಕಣಿವೆಯ ಕಡೆ ಗ್ಯಾಸ್ಕೆಟ್ ಮೇಲಿನ ಒತ್ತು ಸಡಿಲವಾಗುತ್ತದೆ, ಅಲ್ಲಿಂದ ಗಾಳಿ ಸೋರುತ್ತದೆ. ಮುಂದೆ ರೋವರ್ ಆ ನಾಲ್ಕನ್ನು ಕೈಬಿಟ್ಟು 10 ಬೋಲ್ಟಿನ ಹೆಡ್ ಮಾಡಿತು. ಆದ್ದರಿಂದ ಹೊರಸಾಲನ್ನು ಹಗುರಾಗಿ ಬಿಗಿಯಿರಿ. ತೆಳು ತಗಡಿನ ಗ್ಯಾಸ್ಕೆಟ್ ಬದಲು ದಪ್ಪ ಕಾಂಪೋಸಿಟ್ ಗ್ಯಾಸ್ಕೆಟ್ ಹಾಕಿದರೆ ಹೆಡ್ ಸ್ವಲ್ಪ ಮೇಲೆ ಕೂರುತ್ತದೆ, ಕಂಪ್ರೆಷನ್ ಇಳಿಯುತ್ತದೆ, ಹೈಡ್ರಾಲಿಕ್ ಟ್ಯಾಪೆಟ್ ಮೇಲಿನ ಒತ್ತೂ ಕಡಿಮೆಯಾಗುತ್ತದೆ. ಹೆಡ್ ಉಜ್ಜಿಸಿದ್ದರೆ ಇದು ತಿರುಗುಮುರುಗು. ಪುಶ್‌ರಾಡ್ ಟ್ಯಾಪೆಟ್ಟಿನ ಒಳಗುಂಡಿಯನ್ನು 0.5ರಿಂದ 1.5 ಮಿ.ಮೀ. ಒತ್ತಿ ಹಿಡಿದಿರಬೇಕು. ಹೆಚ್ಚಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಆಗ ರಾಕರ್ ಪೀಠದ ಕೆಳಗೆ ಶಿಮ್ ಹಾಕಬೇಕು.

ಎಲ್ಲಕ್ಕಿಂತ ಹೆಚ್ಚು ಎಂಜಿನ್ ಕೆಡುವುದು ಎಣ್ಣೆ ಪಂಪಿನಿಂದ. ಇದರ ಪಂಪು ಮುಂದಿನ ಕವರಿನಲ್ಲಿದೆ, ಎಣ್ಣೆಯ ಮಟ್ಟಕ್ಕಿಂತ ಮೇಲೆ. ಒಣಗಿದ ಪಂಪು ತಾನಾಗಿ ಎಣ್ಣೆ ಎಳೆದುಕೊಳ್ಳುವುದಿಲ್ಲ. ಪಂಪಿನ ಮುಚ್ಚಳ ಬಿಚ್ಚಿ, ಎರಡು ಗೇರಿನ ಸುತ್ತಲಿನ ಜಾಗವನ್ನೆಲ್ಲ ವ್ಯಾಸಲೀನಿನಿಂದ ಇಡುಕಿ ತುಂಬಿ. ಗ್ರೀಸ್ ಬೇಡ, ಅದು ಕರಗದೆ ಎಣ್ಣೆ ದಾರಿಯಲ್ಲಿ ಕೂರುತ್ತದೆ, ವ್ಯಾಸಲೀನ್ ಬಿಸಿ ಎಣ್ಣೆಯಲ್ಲಿ ಕರಗಿಹೋಗುತ್ತದೆ. ಆಮೇಲೆ ಡಿಸ್ಟ್ರಿಬ್ಯೂಟರ್ ಎತ್ತಿ, ಆ ತೂತಿನಿಂದ ಉದ್ದ ದಂಡ ಇಳಿಸಿ ಡ್ರಿಲ್ಲಿನಲ್ಲಿ ಗಡಿಯಾರದ ದಿಕ್ಕಿಗೆ ತಿರುಗಿಸಿ. ಒಂದಷ್ಟು ಹೊತ್ತು ಡ್ರಿಲ್ ಸಲೀಸಾಗಿ ಸುತ್ತುತ್ತದೆ. ಎಣ್ಣೆ ಸಿಕ್ಕ ಕ್ಷಣ ಡ್ರಿಲ್ಲಿನ ಸದ್ದು ದಪ್ಪವಾಗಿ ವೇಗ ಇಳಿಯುತ್ತದೆ, ಕೈಗೇ ಗೊತ್ತಾಗುತ್ತದೆ. ಎರಡೂ ಕಡೆಯ ರಾಕರುಗಳಿಂದ ಎಣ್ಣೆ ಜಿನುಗುವ ತನಕ ಬಿಡಬೇಡಿ. ಡಿಸ್ಟ್ರಿಬ್ಯೂಟರ್ ವಾಪಸ್ ಕೂರಿಸುವಾಗ ಫೈರಿಂಗ್ ಆರ್ಡರ್ 1-8-4-3-6-5-7-2.

ಎಂಜಿಬಿಯಲ್ಲಿ ಎಣ್ಣೆ ಫಿಲ್ಟರ್ ಪಂಪಿನ ಕೆಳಗೆ ಹಿಡಿಸುವುದಿಲ್ಲ. ಕಾರ್ಖಾನೆಯ ವಿ8ರಲ್ಲೂ ಅದನ್ನು ಬೇರೆ ಕಡೆ ಇಟ್ಟು ಪೈಪ್ ಎಳೆದಿದ್ದರು. ಪೈಪು ಹಾಕುವಾಗ ಒಳಗೆ ಹೋಗುವುದು, ಹೊರಗೆ ಬರುವುದು ಅದಲುಬದಲಾದರೆ ಫಿಲ್ಟರ್ ಒಳಗಿನ ಕವಾಟ ಮುಚ್ಚಿಕೊಂಡು ಒತ್ತಡವೇ ಬರುವುದಿಲ್ಲ. ಡ್ರಿಲ್ಲಿನಲ್ಲಿ ತಿರುಗಿಸುವಾಗಲೇ ಇದನ್ನು ಖಚಿತಪಡಿಸಿಕೊಳ್ಳಿ.

ಹೊಸ ಕ್ಯಾಮ್ ಹಾಕಿದ್ದರೆ ಮೊದಲ ಸಲ ಸ್ಟಾರ್ಟ್ ಆದ ಕೂಡಲೇ 2000ರಿಂದ 2500 ಆರ್‌ಪಿಎಂಗೆ ಏರಿಸಿ 20 ನಿಮಿಷ ಅಲ್ಲೇ ಹಿಡಿಯಬೇಕು. ಐಡಲಿಂಗ್‌ನಲ್ಲಿ ಬಿಟ್ಟರೆ ಲೋಬಿಗೆ ಎಣ್ಣೆ ಸಾಲದೆ ಮೊದಲ ದಿನವೇ ಸವೆಯುತ್ತದೆ. ಅದಕ್ಕೇ ನೀರು, ಫ್ಯಾನು, ಪೆಟ್ರೋಲು, ಟೈಮಿಂಗು ಎಲ್ಲ ಸಿದ್ಧವಾದ ಮೇಲೆಯೇ ಕೀ ತಿರುಗಿಸಿ. ಬಿಸಿಯಾದ ಮೇಲೆ ಎಣ್ಣೆ ಒತ್ತಡ 2400 ಆರ್‌ಪಿಎಂನಲ್ಲಿ 30ರಿಂದ 40 ಪಿಎಸ್‌ಐ ಇದ್ದರೆ ಅದು ಸರಿಯೇ. ಎಂಜಿಬಿಯ ಹಳೇ ಎಂಜಿನ್ನಿನಲ್ಲಿ ಮುಳ್ಳು ಇನ್ನೂ ಮೇಲೆ ನಿಲ್ಲುತ್ತಿತ್ತು ಎಂದು ಗಾಬರಿಯಾಗಬೇಡಿ.

ಹಳೇಗಾಡಿ71

ಇಬ್ಬರಿಗೂ ತುಂಬಾ ಧನ್ಯವಾದ. ಸಿಲ್ ಚುಚ್ಚಿ ನೋಡಿದೆ: ಎಡಗಡೆ ಗಟ್ಟಿ, ಬಲಗಡೆ ಜಾಕ್ ಜಾಗದ ಮುಂದೆ ಬೆರಳು ಒಳಗೆ ಹೋಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು. ಆಕ್ಸಲ್ ಅನುಪಾತ, ಇಂಜೆಕ್ಷನ್, ಕೂಲಿಂಗ್ ಬಗ್ಗೆ ಯಾರಾದರೂ ಹೇಳುತ್ತೀರಾ? 3.07ರ ಕ್ರೌನ್ ವೀಲ್ (ಆಕ್ಸಲ್ ಒಳಗಿನ ದೊಡ್ಡ ಗೇರು) ಹುಡುಕಲೇಬೇಕೇ?

ಗೇರ್_ಲೆಕ್ಕಿಗ

ಹುಡುಕುವ ಮುಂಚೆ ಲೆಕ್ಕ ಹಾಕೋಣ. ಕಾರ್ಖಾನೆಯ ವಿ8ಗೆ ಇದ್ದದ್ದು ಓವರ್‌ಡ್ರೈವ್ ಸಹಿತ ನಾಲ್ಕು ಗೇರು, ಆಕ್ಸಲ್ 3.07. ನಿಮ್ಮ ಎಲ್‌ಟಿ77ರಲ್ಲಿ ಐದನೆಯದು 0.79 ಎಂದಿಟ್ಟುಕೊಳ್ಳಿ. 185/70 ಆರ್14 ಟೈರು ಒಂದು ಮೈಲಿಗೆ ಹೆಚ್ಚುಕಡಿಮೆ 855 ಸುತ್ತು ಸುತ್ತುತ್ತದೆ. ಗಂಟೆಗೆ 70 ಮೈಲಿ ಓಡುವಾಗ ಚಕ್ರ ನಿಮಿಷಕ್ಕೆ ಸುಮಾರು 1000 ಸುತ್ತು. 3.909 ಆಕ್ಸಲ್ ಇದ್ದರೆ ಎಂಜಿನ್ 3090ರ ಆಸುಪಾಸು, 3.07 ಇದ್ದರೆ 2420ರ ಆಸುಪಾಸು. ಅಂದರೆ ಮೋಟಾರ್‌ವೇಯಲ್ಲಿ ಮೂಲ ಆಕ್ಸಲ್ಲೇ ನಡೆಯುತ್ತದೆ.

ತೊಂದರೆ ಇರುವುದು ಮೊದಲ ಗೇರಿನಲ್ಲಿ. ಎಲ್‌ಟಿ77ರ ಮೊದಲನೆಯದು 3.32. ಅದನ್ನು 3.909ರಿಂದ ಗುಣಿಸಿದರೆ 13ಕ್ಕೆ ಹತ್ತಿರ, ಇಷ್ಟು ಟಾರ್ಕ್ ಇರುವ ಎಂಜಿನ್ನಿಗೆ ಅದು ತೀರಾ ಗಿಡ್ಡ. ಗಾಡಿ ಹೊರಟ ಕೂಡಲೇ ಎರಡಕ್ಕೆ ಬದಲಿಸಬೇಕು, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುತ್ತದೆ. 3.07 ಇದ್ದರೆ ಗುಣಲಬ್ಧ 10.2, ಹಿತವಾಗಿ ಏರುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲು 3.9ರಲ್ಲೇ ಓಡಿಸಿ, ಗಾಡಿ ಪೂರ್ತಿ ಸರಿಹೋದ ಮೇಲೆ ಕ್ರೌನ್ ವೀಲ್ ಬದಲಿಸಿ. ಜಿಟಿಗೆ ಮೊದಲಿಂದಲೂ ಗಟ್ಟಿ ಟ್ಯೂಬ್ ಆಕ್ಸಲ್ಲೇ ಇತ್ತು, ಹಳೇ ರೋಡ್‌ಸ್ಟರಿನ ಬ್ಯಾಂಜೊ ಆಕ್ಸಲ್ ಅಲ್ಲ, ಹಾಗಾಗಿ ಈ ಟಾರ್ಕನ್ನು ತಡೆಯುತ್ತದೆ. ತಂತಿ ಚಕ್ರ ಇದ್ದರೆ ಮಾತ್ರ ತೆಗೆದುಬಿಡಿ. ಕಾರ್ಖಾನೆ ವಿ8ಗೆ ತಂತಿ ಚಕ್ರ ಕೊಡಲೇ ಇಲ್ಲ. ಹಬ್ಬಿನ ಹಲ್ಲು ಸವೆದಿದ್ದರೆ ಟಾರ್ಕು ಅದನ್ನು ಬೇಗ ತಿಂದುಹಾಕುತ್ತದೆ.

ಲೀಫ್ ಸ್ಪ್ರಿಂಗ್ ಹಳೆಯದಾಗಿದ್ದರೆ ಜೋರಾಗಿ ಹೊರಟಾಗ ಆಕ್ಸಲ್ ಸುರುಳಿಯಂತೆ ತಿರುಚಿ, ಬಿಟ್ಟು, ಮತ್ತೆ ತಿರುಚಿ ಹಿಂಬದಿ ದಡದಡ ಕುಣಿಯುತ್ತದೆ. ವಿ8ರ ಗಟ್ಟಿ ಸ್ಪ್ರಿಂಗು ಮತ್ತು ಹೊಸ ಬುಷ್ ಮೊದಲು, ಅದಕ್ಕೂ ಬಗ್ಗದಿದ್ದರೆ ತಿರುಚು ತಡೆಯುವ ದಂಡ.

ಪ್ರೊಪೆಲ್ಲರ್ ಶಾಫ್ಟ್ ಉದ್ದವನ್ನು ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಾಗಲೇ ಅಳೆಯಿರಿ, ಸ್ಟ್ಯಾಂಡ್ ಮೇಲೆ ಆಕ್ಸಲ್ ಜೋತುಬಿದ್ದಾಗ ಅಲ್ಲ. ಜಾರುವ ತುದಿಗೆ ಒಳಗಡೆ 25 ಮಿ.ಮೀ. ಜಾಗ ಬಿಡಿ. ಗೇರ್‌ಬಾಕ್ಸಿನ ಹಿಂದಿನ ಫ್ಲ್ಯಾಂಜೂ ಡಿಫರೆನ್ಷಿಯಲ್ಲಿನ ಮುಂದಿನ ಫ್ಲ್ಯಾಂಜೂ ಒಂದಕ್ಕೊಂದು ಸಮಾನಾಂತರ ಇರಬೇಕು, ವ್ಯತ್ಯಾಸ 1 ಡಿಗ್ರಿ ಮೀರಬಾರದು. ಮೀರಿದರೆ 50 ಮೈಲಿ ದಾಟಿದ ಮೇಲೆ ಸೀಟಿನಡಿ ನಡುಕ ಶುರುವಾಗುತ್ತದೆ. ಶಾಫ್ಟನ್ನು ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ಅದು ಹೋಗುವುದಿಲ್ಲ.

ಆರ್‌ಪಿಎಂ ಮೀಟರ್ ನಾಲ್ಕು ಸಿಲಿಂಡರಿನದು, ವಿ8ಕ್ಕೆ ಜೋಡಿಸಿದರೆ ಎರಡರಷ್ಟು ತೋರಿಸುತ್ತದೆ, ಒಳಗಿನ ಸರ್ಕಿಟ್ ಬದಲಿಸಬೇಕು. ಸ್ಪೀಡೋಮೀಟರನ್ನೂ ಹೊಸ ಗೇರ್‌ಬಾಕ್ಸಿಗೆ ಹೊಂದಿಸಿ. ಬ್ರೇಕಿಗೆ ಬಂದರೆ, ಎಂಜಿಬಿಯ ಮುಂದಿನ ಡಿಸ್ಕ್ ದಪ್ಪ ಸುಮಾರು 9 ಮಿ.ಮೀ., ಕಾರ್ಖಾನೆಯ ವಿ8ರದ್ದು 12.7. ಕನಿಷ್ಠ ಅಷ್ಟಾದರೂ ಇರಲಿ. ಗಾಳಿಕಿಂಡಿಯ ಡಿಸ್ಕ್ ಮತ್ತು ನಾಲ್ಕು ಪಿಸ್ಟನ್ ಕ್ಯಾಲಿಪರ್ ಹಾಕಿದರೆ ಇನ್ನೂ ನೆಮ್ಮದಿ, ಆದರೆ ಚಕ್ರದ ಒಳಬದಿಗೆ ತಾಗುತ್ತದೆಯೇ ಎಂದು ರಟ್ಟಿನ ಮಾದರಿ ಕತ್ತರಿಸಿ ನೋಡಿಯೇ ಕೊಳ್ಳಿ.

ಶಿವಮೊಗ್ಗ_ಸ್ಪ್ಯಾನರ್

ಕೂಲಿಂಗ್ ಮತ್ತು ಪೆಟ್ರೋಲ್ ನನಗೆ ಬಿಡಿ.

ವಿ8 ಕೂರಿಸಿದ ಎಂಜಿಬಿ ಬಿಸಿಯಾಗುತ್ತದೆ ಎಂಬ ದೂರಿಗೆ ಬಹುತೇಕ ಕಾರಣ ಸಣ್ಣ ರೇಡಿಯೇಟರ್ ಅಲ್ಲ, ಒಳಗೆ ಬಂದ ಗಾಳಿ ಹೊರಗೆ ಹೋಗದಿರುವುದು. ಎಂಜಿನ್ ಕೋಣೆ ತುಂಬಿಹೋಗಿರುತ್ತದೆ, ಬಿಸಿ ಗಾಳಿಗೆ ದಾರಿಯೇ ಇರುವುದಿಲ್ಲ. ಇಲ್ಲಿ ಬಸವಣ್ಣನವರ ಮಾತಿಗೆ ಒಂದು ತಿದ್ದುಪಡಿ: ಮ್ಯಾನಿಫೋಲ್ಡಿಗಾಗಿ ಒಳ ಮಡ್‌ಗಾರ್ಡನ್ನು ಬಡಿದು ತಗ್ಗು ಮಾಡಿ ಬ್ಲಾಕಿಗೆ ಅಂಟಿದಂಥ ಮ್ಯಾನಿಫೋಲ್ಡ್ ಹಾಕುವ ಬದಲು, ಮಡ್‌ಗಾರ್ಡಿನಲ್ಲಿ ತೂತು ಕೊರೆದು ಪೈಪುಗಳನ್ನು ಚಕ್ರದ ಕಡೆಯಿಂದ ಇಳಿಸುವ ವಿಧಾನ ಒಳ್ಳೆಯದು. 1990ರ ದಶಕದ ಎಂಜಿ ಆರ್‌ವಿ8ರಲ್ಲಿ ಹಾಗೇ ಮಾಡಿದ್ದಾರೆ. ಶಾಖದ ದೊಡ್ಡ ಪಾಲು ಬಾನೆಟ್ಟಿನಡಿಯಿಂದ ಹೊರಗೇ ಹೋಗುತ್ತದೆ, ಸ್ಟೀರಿಂಗ್ ದಂಡದ ಹತ್ತಿರದ ಇಕ್ಕಟ್ಟೂ ಸಡಿಲವಾಗುತ್ತದೆ. ತೂತಿನ ಅಂಚಿಗೆ ಸುತ್ತಲೂ ತಗಡಿನ ಬಳೆ ಬೆಸೆಯಿರಿ, ಇಲ್ಲದಿದ್ದರೆ ಅಲ್ಲಿಂದಲೇ ಬಿರುಕು ಶುರು. ಪೈಪಿಗೂ ಟೈರಿಗೂ ನಡುವಿನ ಸಂದನ್ನು ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ.

ರೇಡಿಯೇಟರ್ ಮುಂದಕ್ಕೆ ಸರಿಸಬೇಕು, ಎಂಜಿನ್ ಉದ್ದಕ್ಕೆ ಹಳೇ ಜಾಗ ಸಾಲುವುದಿಲ್ಲ. ರೇಡಿಯೇಟರ್ ಸುತ್ತಲಿನ ಸಂದುಗಳಿಗೆ ಸ್ಪಂಜಿನ ಪಟ್ಟಿ ಅಂಟಿಸಿ, ಗಾಳಿ ಪಕ್ಕದಿಂದ ನುಸುಳಿದರೆ ಎಷ್ಟು ದೊಡ್ಡ ರೇಡಿಯೇಟರ್ ಇದ್ದರೂ ದಂಡ. ಎರಡು ವಿದ್ಯುತ್ ಫ್ಯಾನು, ಥರ್ಮೋಸ್ಟಾಟ್ ಸ್ವಿಚ್ಚು, ಪ್ರತಿ ಫ್ಯಾನಿಗೂ ಬೇರೆ ರಿಲೇ. ಮೂಲ ಆಲ್ಟರ್ನೇಟರ್ ಸುಮಾರು 34 ಆಂಪಿಯರಿನದು, ಫ್ಯಾನು, ಹೆಡ್‌ಲೈಟು, ವೈಪರು ಒಟ್ಟಿಗೆ ಹಾಕಿದರೆ ಬ್ಯಾಟರಿ ಇಳಿಯುತ್ತದೆ. 65 ಆಂಪಿಯರ್ ಅಥವಾ ಮೇಲಿನದು ಹಾಕಿ, ಅದರಿಂದ ಬ್ಯಾಟರಿಗೆ ಹೋಗುವ ದಪ್ಪ ತಂತಿಯನ್ನೂ ಬದಲಿಸಿ. ಹಳೇ ತಂತಿಯಲ್ಲೇ ಅಷ್ಟು ಕರೆಂಟು ಹರಿಸಿದರೆ ವೈರಿಂಗ್ ಕರಗುತ್ತದೆ.

ನೀರು ತುಂಬುವುದರಲ್ಲೂ ಎಡವುತ್ತಾರೆ. ಇನ್‌ಟೇಕ್ ಮ್ಯಾನಿಫೋಲ್ಡು ರೇಡಿಯೇಟರ್ ಬಾಯಿಗಿಂತ ಎತ್ತರದಲ್ಲಿದೆ, ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಮೇಲೆ ಒಂದು ಟ್ಯಾಂಕ್ ಇಟ್ಟು ಅದರಿಂದಲೇ ತುಂಬಿ, ಹೀಟರ್ ಕವಾಟ ತೆರೆದಿರಲಿ. ಕೂಲೆಂಟ್ ಅರ್ಧಕ್ಕರ್ಧ. ಬರೀ ನಲ್ಲಿ ನೀರು ಹಾಕಿದರೆ ಅಲ್ಯೂಮಿನಿಯಂ ಒಳಗಿಂದ ಸವೆಯುತ್ತದೆ. ನೀರಿನ ಪಂಪಿನ ಉದ್ದ ಬೋಲ್ಟುಗಳು ಕವರಿನಲ್ಲಿ ಕಚ್ಚಿಕೊಂಡಿರುತ್ತವೆ. ಬಿಚ್ಚುವಾಗ ಒಂದೇ ಏಟಿಗೆ ತಿರುಗಿಸದೆ, ಬಿಸಿ ಮಾಡಿ, ಸ್ವಲ್ಪ ಹಿಂದೆ ಸ್ವಲ್ಪ ಮುಂದೆ ಆಡಿಸುತ್ತಾ ತೆಗೆಯಿರಿ.

ಇನ್ನು ಕಾರ್ಬ್ಯುರೇಟರ್. ಎಸ್‌ಡಿ1ರ ಮ್ಯಾನಿಫೋಲ್ಡನ್ನು ಇದ್ದಂತೆಯೇ ಕೂರಿಸಿದರೆ ಬಾನೆಟ್ ಮುಚ್ಚುವುದಿಲ್ಲ. ಕಾರ್ಖಾನೆಯವರು ಎರಡು ಎಸ್‌ಯು ಕಾರ್ಬ್ಯುರೇಟರುಗಳನ್ನು ಎಂಜಿನ್ನಿನ ಹಿಂಬದಿಗೆ, ಬಲ್ಕ್‌ಹೆಡ್ ಹತ್ತಿರಕ್ಕೆ ಸರಿಸಿ ಬಾನೆಟ್ಟಿನ ಆಕಾರ ಉಳಿಸಿಕೊಂಡರು. ಆ ಮ್ಯಾನಿಫೋಲ್ಡ್ ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ತಗ್ಗು ಮ್ಯಾನಿಫೋಲ್ಡಿನ ಮೇಲೆ ನಾಲ್ಕು ಬಾಯಿಯ 500 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬಿಡುವ) ಕಾರ್ಬ್ಯುರೇಟರ್, ಜೊತೆಗೆ ತೆಳು ಏರ್ ಫಿಲ್ಟರ್.

ಇಂಜೆಕ್ಷನ್ ಬೇಕೆಂದರೆ 3.9 ರೇಂಜ್ ರೋವರಿನ 14ಸಿಯುಎಕ್ಸ್ ಎಂಬ ಇಂಜೆಕ್ಷನ್ ವ್ಯವಸ್ಥೆ ಸುಲಭ. ಅದರ ಪ್ಲೀನಮ್ (ಎಂಜಿನ್ನಿಗೆ ಗಾಳಿ ಹಂಚುವ ಪೆಟ್ಟಿಗೆ) ಎತ್ತರವಾಗಿದೆ, ಬುಡವನ್ನೂ ಒಳಗಿನ ತುತ್ತೂರಿಗಳನ್ನೂ ಕತ್ತರಿಸಿ ತಗ್ಗಿಸಬೇಕು. ಪೆಟ್ರೋಲ್ ಒತ್ತಡ 2.5 ಬಾರ್, ಹಳೇ ಪಂಪಿನಿಂದ ಆಗದು. ಟ್ಯಾಂಕಿಗೆ ಹಿಂತಿರುಗುವ ಪೈಪೂ ಬೇಕು, ತಿರುವಿನಲ್ಲಿ ಪಂಪು ಗಾಳಿ ಹೀರದಂತೆ ನಡುವೆ ಸಣ್ಣ ಡಬ್ಬಿಯೂ ಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಗಾಡಿಗೆ 470 ಓಮ್ ರೆಸಿಸ್ಟರ್, ಹಸಿರು ಬಣ್ಣದ್ದು. ಅದು ತಪ್ಪಿದರೆ ಕಂಪ್ಯೂಟರ್ ಬೇರೆ ನಕ್ಷೆ ಆರಿಸಿಕೊಂಡು ಸೈಲೆನ್ಸರ್ ಪೈಪಿನ ಆಮ್ಲಜನಕ ಅಳೆಯುವ ಲ್ಯಾಂಬ್ಡಾ ಸೆನ್ಸರ್ ಹುಡುಕುತ್ತದೆ. ವೇಗ ತಿಳಿಸುವ ಸೆನ್ಸರ್ ಜೋಡಿಸದಿದ್ದರೆ ಸಿಗ್ನಲ್ಲಿಗೆ ಬಂದು ನಿಲ್ಲುವಾಗ ಐಡಲಿಂಗ್ ಏರಿಳಿಯುತ್ತದೆ. ಸ್ಪೀಡೋಮೀಟರ್ ಕೇಬಲ್ ನಡುವೆ ಕೂರಿಸುವ ಸೆನ್ಸರ್ ಇದಕ್ಕೆ ಸಾಕು.

ನನ್ನನ್ನು ಕೇಳಿದರೆ ಮೊದಲು ಕಾರ್ಬ್ಯುರೇಟರ್. ಬಾಡಿ, ಎಂಜಿನ್, ಗೇರ್‌ಬಾಕ್ಸ್, ವೈರಿಂಗ್ ನಾಲ್ಕೂ ಹೊಸದಾಗಿರುವಾಗ ಐದನೆಯದೂ ಹೊಸದಾದರೆ ದೋಷ ಎಲ್ಲಿದೆ ಎಂದು ಹುಡುಕುವುದೇ ಕಷ್ಟ. ಯಾವುದೇ ಹಾಕಿ, ಪೆಟ್ರೋಲ್ ರಬ್ಬರ್ ಪೈಪುಗಳನ್ನೆಲ್ಲ ಆರ್9 ದರ್ಜೆಯದಕ್ಕೆ ಬದಲಿಸಿ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಇ10. ಎಥನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ, ಆ ಪೈಪು ಬಿಸಿ ಸೈಲೆನ್ಸರ್ ಮೇಲೆಯೇ ಹಾದುಹೋಗುತ್ತದೆ.

ಬೆಸುಗೆ_ಬಸವ

ಮಡ್‌ಗಾರ್ಡಿನ ಮೂಲಕ ಪೈಪು ಇಳಿಸುವುದು ಶಾಖಕ್ಕೆ ಒಳ್ಳೆಯದು, ಒಪ್ಪಿದೆ. ಆದರೆ ಸ್ಪಾರ್ಕ್ ಪ್ಲಗ್ ಬದಲಿಸಲು ಕೈ ಹೋಗುತ್ತದೆಯೇ, ಮಾದರಿ ಜೋಡಣೆಯಲ್ಲೇ ಎಂಟೂ ಪ್ಲಗ್ ಹಾಕಿ ತೆಗೆದು ನೋಡಿಕೊಳ್ಳಲಿ. ತೂತು ಕೊರೆಯುವ ಮುಂಚೆ ರಟ್ಟಿನಲ್ಲಿ ಅಚ್ಚು ತೆಗೆಯಿರಿ. ಎಡದ್ದನ್ನು ತಿರುಗಿಸಿ ಬಲಕ್ಕೆ ಬಳಸಲು ಬರುವುದಿಲ್ಲ, ವಿ8ರಲ್ಲಿ ಎರಡು ಸಾಲೂ ಎದುರುಬದುರು ಇಲ್ಲ, ಒಂದು ಸ್ವಲ್ಪ ಮುಂದಿದೆ.

ಕಾಗದ_ಪತ್ರ

ದಾಖಲೆಗಳ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಇದು.

ಬ್ರಿಟನ್ನಿನಲ್ಲಿ ಎಂಜಿನ್ ಬದಲಿಸಿದರೆ ಎಂಜಿನ್ ಸಂಖ್ಯೆ ಮತ್ತು ಸಿಸಿ ಎರಡನ್ನೂ ಡಿವಿಎಲ್‌ಎಗೆ (ಅಲ್ಲಿನ ವಾಹನ ನೋಂದಣಿ ಇಲಾಖೆ) ತಿಳಿಸಿ ವಿ5ಸಿ, ಅಂದರೆ ನೋಂದಣಿ ಪತ್ರ, ತಿದ್ದಿಸಬೇಕು. ಎಂಜಿನ್ ಕೊಂಡ ರಸೀದಿ ಜೋಪಾನ. ಬಾಡಿಯ ರಚನೆಯಲ್ಲೇ ಬದಲಾವಣೆ ಆಗುತ್ತಿದ್ದರೆ ಅದನ್ನೂ ತಿಳಿಸಿ, ಕತ್ತರಿಸುವ ಮುಂಚೆ, ನಂತರ, ಬೆಸೆದ ಮೇಲೆ ಹೀಗೆ ಮೂರು ಹಂತದ ಫೋಟೊ ಇರಲಿ. ವಿಮೆಯವರಿಗೆ ಕೆಲಸ ಮುಗಿದ ಮೇಲಲ್ಲ, ರಸ್ತೆಗೆ ಇಳಿಸುವ ಮುಂಚೆಯೇ ಹೇಳಿ.

40 ವರ್ಷ ದಾಟಿದ ಕಾರಿಗೆ ಎಂಒಟಿ (ವಾರ್ಷಿಕ ವಾಹನ ತಪಾಸಣೆ) ವಿನಾಯಿತಿ ಇದೆ, ಆದರೆ ಹಿಂದಿನ 30 ವರ್ಷಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಸಿಲಿಂಡರ್ ಸಂಖ್ಯೆ ಬದಲಾದ ಎಂಜಿನನ್ನು ಸಾಮಾನ್ಯವಾಗಿ ದೊಡ್ಡ ಬದಲಾವಣೆ ಎಂದೇ ಎಣಿಸುತ್ತಾರೆ. ಕಾರ್ಖಾನೆಯೇ ವಿ8 ಕೊಟ್ಟಿತ್ತಲ್ಲ ಎಂದು ವಾದಿಸಬಹುದು, ಆದರೆ ವಾದಕ್ಕಿಂತ ವರ್ಷಕ್ಕೊಮ್ಮೆ ಎಂಒಟಿ ಮಾಡಿಸುವುದೇ ಮೇಲು. ಸ್ಟೀರಿಂಗ್, ಬ್ರೇಕ್, ಬೆಸುಗೆ ಎಲ್ಲವನ್ನೂ ಮನೆಯಲ್ಲೇ ಮಾಡಿದಾಗ ಇನ್ನೊಬ್ಬರ ಕಣ್ಣು ಬೇಕೇ ಬೇಕು. ಹೊಗೆ ಪರೀಕ್ಷೆಯ ಭಯ ಬೇಡ: 1975ರ ಆಗಸ್ಟಿಗಿಂತ ಮುಂಚಿನ ಕಾರಿಗೆ ಕಣ್ಣಿಗೆ ಕಾಣುವ ಹೊಗೆಯನ್ನಷ್ಟೇ ನೋಡುತ್ತಾರೆ.

ಬೆಂಗಳೂರಿನ ವಿಷಯ. ಭಾರತದಲ್ಲಿ 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳ ಪ್ರಕಾರ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅದು ಮೂಲರೂಪದಲ್ಲಿರಬೇಕು, ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ನಿಮ್ಮ ಗಾಡಿಯಲ್ಲಿ ಬಾಡಿಯನ್ನೂ ಕತ್ತರಿಸಲಾಗುತ್ತದೆ, ಎಂಜಿನ್ನೂ ಬೇರೆ, ಹಾಗಾಗಿ ಆ ದಾರಿ ಮುಚ್ಚಿದಂತೆಯೇ. ಸಾಮಾನ್ಯ ನೋಂದಣಿಯಲ್ಲೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. ಊರಿಗೆ ತರುವ ಆಸೆ ನಿಜಕ್ಕೂ ಇದ್ದರೆ ಈ ಗಾಡಿಯನ್ನು ನಾಲ್ಕು ಸಿಲಿಂಡರಿನಲ್ಲೇ ಉಳಿಸಿ, ವಿ8ಗೆ ಬೇರೆ ರಬ್ಬರ್ ಬಂಪರ್ ಜಿಟಿ ನೋಡಿ. ತಗಡಿನ ಕೆಲಸವೂ ಅದರಲ್ಲಿ ಕಡಿಮೆ.

ಹಳೇಗಾಡಿ71

ಬೆಂಗಳೂರಿನ ಯೋಚನೆ ಬಿಟ್ಟೆ, ಗಾಡಿ ಇಲ್ಲೇ ಇರಲಿ. ಕ್ರಮ ಹೀಗೆ ತೀರ್ಮಾನಿಸಿದ್ದೇನೆ: ಅಡ್ಡಪಟ್ಟಿ, ಬಲಗಡೆ ಸಿಲ್, ಆಮೇಲೆ ಖಾಲಿ ಬ್ಲಾಕಿನ ಮಾದರಿ ಜೋಡಣೆ, ಮಡ್‌ಗಾರ್ಡಿನ ಮೂಲಕ ಮ್ಯಾನಿಫೋಲ್ಡ್, 500ರ ಕಾರ್ಬ್ಯುರೇಟರ್, ಸದ್ಯಕ್ಕೆ 3.9 ಆಕ್ಸಲ್. ಕೊನೆಯ ಪ್ರಶ್ನೆ: ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಟ್ಟಿಗೇ ಇಳಿಸಬೇಕೇ, ಬೇರೆಬೇರೆಯೇ?

ಬೆಸುಗೆ_ಬಸವ

ಒಟ್ಟಿಗೇ, ಮೇಲಿನಿಂದ. ಬಾನೆಟ್ ಮತ್ತು ರೇಡಿಯೇಟರ್ ತೆಗೆದು, ಗಾಡಿಯ ಹಿಂಬದಿಯನ್ನು ಮುಂಬದಿಗಿಂತ ಎತ್ತರಕ್ಕೆ ಏರಿಸಿ ನಿಲ್ಲಿಸಿ, ಆಗ ಗೇರ್‌ಬಾಕ್ಸಿನ ಬಾಲ ಸುರಂಗದೊಳಗೆ ಸಲೀಸಾಗಿ ಹೋಗುತ್ತದೆ. ಕ್ರೇನಿಗೆ ವಾಲಿಸುವ ಸ್ಕ್ರೂ ಇರುವ ಕೊಂಡಿ ಹಾಕಿಕೊಳ್ಳಿ. ಡಿಸ್ಟ್ರಿಬ್ಯೂಟರ್ ಕ್ಯಾಪು, ಕಾರ್ಬ್ಯುರೇಟರು, ಮ್ಯಾನಿಫೋಲ್ಡುಗಳನ್ನು ಇಳಿಸಿದ ಮೇಲೆ ಜೋಡಿಸಿ. ಸ್ಟಾರ್ಟರ್ ಮೋಟಾರಿನ ತಂತಿಯನ್ನು ಮಾತ್ರ ಮೊದಲೇ ಬಿಗಿದು ಉದ್ದಕ್ಕೆ ಬಿಟ್ಟಿರಿ, ಎಂಜಿನ್ ಕೂತ ಮೇಲೆ ಆ ನಟ್ಟಿಗೆ ಸ್ಪ್ಯಾನರ್ ಹೋಗುವುದಿಲ್ಲ.